ಮೂರೂವರೆ ಸಾವಿರ ಕೊಟ್ಟು ನಿದ್ದೆ ಮಾಡಿ ಬಂದೆ

ಮೊದಲೇ ಹೇಳಿಬಿಡುತ್ತೇನೆ, ಈ ಶಿಬಿರಕ್ಕೆ ನಾನು ಕೊಡುವ ಅಂಕ ಐದಕ್ಕೆ ಮೂರು. ನಾನು ಗಣಿತದ ಟೀಚರ್. ಹಂತಕ್ಕೆ ಅಂಕ ಕೊಟ್ಟು ಅಭ್ಯಾಸ. ಉತ್ತರ ತಪ್ಪಾದರೂ ಲೆಕ್ಕ ಮಾಡಿದ ದಾರಿ ಸರಿ ಇದ್ದರೆ ಮಗುವನ್ನು ಕೈ ಬಿಡುವುದಿಲ್ಲ. ಇಲ್ಲಿ ಆದದ್ದು ಉಲ್ಟಾ. ದಾರಿ ಅರ್ಧ ತಪ್ಪಿತ್ತು, ಉತ್ತರ ಹೇಗೋ ಸರಿ ಬಂತು.

'ಶಿಕ್ಷಕರಿಗಾಗಿ ಒತ್ತಡ ನಿರ್ವಹಣಾ ಶಿಬಿರ' ಅಂತ ಕರಪತ್ರದಲ್ಲಿತ್ತು. ಜಾಗ ಒಂದು ಹೋಂಸ್ಟೇ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಗುಡ್ಡೇಕೇರಿ ಹತ್ತಿರ ಒಳದಾರಿ ಹಿಡಿಯಬೇಕು. ಶನಿವಾರ ಸಂಜೆ ನಾಲ್ಕಕ್ಕೆ ಶುರು, ಭಾನುವಾರ ಸಂಜೆ ನಾಲ್ಕಕ್ಕೆ ಮುಕ್ತಾಯ. ಊಟ, ವಸತಿ ಎಲ್ಲಾ ಸೇರಿ ತಲೆಗೆ 3,500 ರೂಪಾಯಿ. ನಾವು ಹದಿನೆಂಟು ಜನ ಇದ್ದೆವು, ಎಲ್ಲರೂ ಹೈಸ್ಕೂಲಿನವರು. ಹೋಂಸ್ಟೇ ಹೆಸರು ಹಾಕುವುದಿಲ್ಲ. ನಡೆಸುವವರು ಒಳ್ಳೆಯ ಜನ. ನಾನು ಬೈದಿದ್ದನ್ನು ಓದಿ ಅವರು ಬೇಜಾರು ಮಾಡಿಕೊಳ್ಳುವುದು ಬೇಡ.

ಹೋಗಿದ್ದು ಯಾಕೆ ಅಂತ ಹೇಳದಿದ್ದರೆ ಈ ವಿಮರ್ಶೆಗೆ ಅರ್ಥ ಇರುವುದಿಲ್ಲ. ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನನ್ನ ಕೆಲಸ. ಸರ್ವಿಸ್ 19 ವರ್ಷ. ನವೆಂಬರ್ ಮೊದಲ ವಾರ ಎಫ್‌ಎ (ವರ್ಷದ ನಡುವಿನ ಕಿರುಪರೀಕ್ಷೆ) ಅಂಕಪಟ್ಟಿಗೆ ಪೋಷಕರ ಸಹಿ ತರಿಸುತ್ತಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಎರಡು ದಿನವಾದರೂ ತಂದಿರಲಿಲ್ಲ. "ನಿಮ್ಮಪ್ಪಂಗೆ ಸಹಿ ಹಾಕೋಕೂ ಪುರುಸೊತ್ತಿಲ್ವೇನೋ?" ಅಂದೆ. ಹುಡುಗ ಸುಮ್ಮನೆ ನಿಂತಿದ್ದ. ಕ್ಲಾಸು ಕೂಡ ಸುಮ್ಮನಾಯಿತು. ಅವನ ಅಪ್ಪ ಜುಲೈನಲ್ಲಿ ತೀರಿಕೊಂಡಿದ್ದರು. ಮಳೆಯಲ್ಲಿ ಛತ್ರಿ ಹಿಡಿದು ಮಣ್ಣಿಗೆ ಹೋಗಿ ಬಂದವಳು ನಾನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೂ ಮುಂಚೆ ಬರುತ್ತಿತ್ತು ಅಂತ ಅಲ್ಲ. ದಸರಾ ರಜೆ ಅನ್ನುವುದು 2025ರಲ್ಲಿ ಇರಲೇ ಇಲ್ಲ. ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಮನೆ ಮನೆ ಸುತ್ತಿದೆವು. ಬಯಲುಸೀಮೆಯವರಿಗೆ ಮನೆ ಮನೆ ಅಂದರೆ ಒಂದು ಬೀದಿ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗದ್ದೆ, ಹಳ್ಳ, ಒಂದು ಗುಡ್ಡ. ಕಾಲಿಗೆ ಇಂಬಳ, ಅಂದರೆ ಜಿಗಣೆ. ಮನೆಯಲ್ಲಿ 60 ಪ್ರಶ್ನೆ ಕೇಳಿ, ನೆಟ್‌ವರ್ಕ್ ಸಿಗುವ ದರೆ ಮೇಲೆ ಹತ್ತಿ ಮೊಬೈಲು ಎತ್ತಿ ಹಿಡಿಯಬೇಕು. ಶಾಲೆ ಶುರುವಾದ ಮೇಲೆ ಪಾಠ ಹಿಂದೆ ಬಿದ್ದಿತ್ತು. ಬೆಳಿಗ್ಗೆ ಎಂಟೂವರೆಗೆ ಹತ್ತನೇ ಕ್ಲಾಸಿಗೆ ವಿಶೇಷ ತರಗತಿ, ಸಂಜೆ ಪಾಸಾಗುವಷ್ಟನ್ನು ಓದಿಸುವ ಪಾಸಿಂಗ್ ಪ್ಯಾಕೇಜು. ನಡುವೆ ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅನ್ನುವ ಲೆಕ್ಕ, ವಾರಕ್ಕೆ ಆರು ದಿನ. ಮನೆಗೆ ಬಂದರೆ ಕೊಯ್ಲಿನ ಕಾಲ. ಅಡಿಕೆ ಸುಲಿಯುವವರಿಗೆ ರಾತ್ರಿ ಹನ್ನೊಂದರವರೆಗೆ ಕಾಫಿ ಕೊಡಬೇಕು.

"ಕೊಯ್ಲಿನ ಟೈಮಲ್ಲಿ ಯಾರು ಶಿಬಿರಕ್ಕೆ ಹೋಗ್ತಾರೆ ಮಾರಾಯ್ತಿ?" ಅಂದರು ನಮ್ಮನೆಯವರು. ಆಮೇಲೆ ನನ್ನ ಮುಖ ನೋಡಿ, ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಅಂದರು.

ಈಗ ಶಿಬಿರದ ವಿಷಯ. ಮೊದಲ ಎರಡು ಗಂಟೆ ದಂಡ. ಬಲೂನು ಊದಿಸಿದರು. ಬಲೂನಿನ ಮೇಲೆ ನಮ್ಮ ಚಿಂತೆ ಬರೆದು ಒಡೆಯಬೇಕಂತೆ. ನಾನು 'ಫಲಿತಾಂಶ' ಅಂತ ಬರೆದೆ. ಅದು ಒಡೆಯಲಿಲ್ಲ, ಪುಸ್ಸೆಂದು ಗಾಳಿ ಬಿಟ್ಟುಕೊಂಡು ಮೂಲೆಗೆ ಹೋಯಿತು. ಆಮೇಲೆ ನಗುವ ಚಿಕಿತ್ಸೆ. ಕೈ ಮೇಲೆತ್ತಿ ಹಹ್ಹಹ್ಹಾ ಅನ್ನಬೇಕು. ಪಕ್ಕದ ತೋಟದಲ್ಲಿ ಅಡಿಕೆ ಕೊನೆ ತೆಗೆಯುತ್ತಿದ್ದವರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವರನ್ನು ನೋಡಿ ನಿಜವಾಗಿ ನಗು ಬಂತು, ಅದು ಬೇರೆ ಮಾತು.

ನಂತರ ಬೆಂಗಳೂರಿನಿಂದ ಬಂದ ಒಬ್ಬರು ಪರದೆ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದರು. ಮೊದಲು ಸಾಫ್ಟ್‌ವೇರ್ ಕಂಪನಿಯಲ್ಲಿದ್ದವರಂತೆ. ಚಿತ್ರದಲ್ಲಿ ಕೋಟು ಹಾಕಿದವರು ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದುಕೊಂಡು ಕೂತಿದ್ದರು. "ನೋ ಅನ್ನೋದನ್ನ ಕಲೀರಿ" ಅಂದರು. ಭದ್ರಾವತಿ ಕಡೆಯ ಪಿಟಿ ಮೇಷ್ಟ್ರು ಎದ್ದು ನಿಂತರು. "ಸಾರ್, ಸಂಜೆ ಆರಕ್ಕೆ ಗ್ರೂಪಲ್ಲಿ ಮೆಸೇಜ್ ಬರುತ್ತೆ. ನಾಳೆ ಹತ್ತರೊಳಗೆ ಮಾಹಿತಿ ಸಲ್ಲಿಸಿ, ತಪ್ಪಿದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು ಅಂತ. ಅದಕ್ಕೆ ನೋ ಅನ್ನೋದು ಹೇಗೆ, ಒಂದು ಸಲ ಹೇಳಿಕೊಡಿ." ಹದಿನೆಂಟು ಜನ ಚಪ್ಪಾಳೆ ತಟ್ಟಿದೆವು. ಅವರು "ಬಾಸ್ ಜೊತೆ ಕೂತು ಮಾತಾಡಿ" ಅಂದರು. ಪಾಪ, ಅವರ ತಪ್ಪೂ ಅಲ್ಲ. ಅವರ ಊರಿನ ಒತ್ತಡ ಬೇರೆ.

ಅವರು ಪರದೆಯಲ್ಲಿ 'ವೃತ್ತಿ ದಹನ' ಅಂತ ಬರೆದಿದ್ದರು. ಕೆಲಸ ಮಾಡಿ ಮಾಡಿ ಪೂರ್ತಿ ದಣಿದುಹೋಗುವ ಬರ್ನ್ಔಟ್ ಅನ್ನುವುದಕ್ಕೆ ಕನ್ನಡವಂತೆ. ಕೇಳಿದರೆ ಹೆಣ ಸುಟ್ಟ ಹಾಗಿದೆ, ಅಲ್ವಾ? ಸೋಮವಾರ ಶಾಲೆಗೆ ಹೋದಾಗ ನಮ್ಮ ಬಿಸಿಯೂಟದ ಅಕ್ಕ, "ಏನು ಹೇಳಿಕೊಟ್ರು ಟೀಚರೇ?" ಅಂತ ಕೇಳಿದಳು. ವಿವರಿಸಿದೆ. "ತಳ ಹಿಡಿಯೋದು ಅನ್ನಿ" ಅಂದಳು. "ಸಾರು ತಳ ಹಿಡಿದ್ರೆ ಸೌಟು ಹಾಕಿ ಕೆರೀಬಾರ್ದು. ಕೆರೆದ್ರೆ ಪಾತ್ರೆಗೆಲ್ಲ ಸೀದ ವಾಸನೆ. ಉರಿ ತೆಗೆದು, ಮೇಲಿಂದ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸ್ಕೋಬೇಕು." ಮುಂದಿನ ಶಿಬಿರಕ್ಕೆ ಇವಳನ್ನೇ ಕರೆಸಬಹುದು.

ಸಂಜೆ ಆರಕ್ಕೆ ಒಂದು ಬಿದಿರಿನ ಬುಟ್ಟಿ ತಂದರು. ಎಲ್ಲರ ಮೊಬೈಲೂ ಅದರೊಳಗೆ. ವಾಪಸು ಸಿಗುವುದು ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ತುರ್ತು ಇದ್ದರೆ ಮನೆಯವರಿಗೆ ಹೋಂಸ್ಟೇಯ ಲ್ಯಾಂಡ್‌ಲೈನ್ ನಂಬರು ಕೊಡಿ ಅಂದರು. ಹೇಗೂ ಅಲ್ಲಿ ಯಾವ ಸಿಮ್ಮೂ ಹಿಡಿಯುತ್ತಿರಲಿಲ್ಲ. ಆದರೂ ಬುಟ್ಟಿಗೆ ಹಾಕುವಾಗ ಕೈ ನಡುಗಿತು. ಹೆತ್ತ ಮಗುವನ್ನು ಮೊದಲ ದಿನ ಅಂಗನವಾಡಿಗೆ ಬಿಟ್ಟಾಗಲೂ ಹೀಗಾಗಿರಲಿಲ್ಲ. ಒಂದರ್ಧ ಗಂಟೆ ಸೊಂಟದ ಹತ್ತಿರ ಏನೋ ಗುಂಯ್ ಅಂದ ಹಾಗೆ ಆಗುತ್ತಲೇ ಇತ್ತು. ಆಮೇಲೆ ನಿಂತಿತು.

ಊಟಕ್ಕೆ ಪೂರ್ತಿ ಅಂಕ. ಬಿಸಿ ಅಕ್ಕಿರೊಟ್ಟಿ, ಕಾಯಿಚಟ್ನಿ, ಒಂದೆಲಗದ ತಂಬುಳಿ, ಹುರುಳಿ ಸಾರು, ಜೊತೆಗೆ ಅಪ್ಪೆಮಿಡಿ. ನಾನೇ ಮಾಡದ, ನಾನೇ ಬಡಿಸದ ಊಟ. ತಟ್ಟೆ ತೊಳೆಯಲು ಎದ್ದರೆ ಬೇಡ ಅಂದರು. ಸ್ನಾನಕ್ಕೆ ಹಂಡೆ ನೀರು, ಅಡಿಕೆ ಸಿಪ್ಪೆ ಉರಿ ಹಾಕಿ ಕಾಯಿಸಿದ್ದು, ಹೊಗೆಯ ವಾಸನೆ ಸಮೇತ. ಆದರೆ ನಾವು ಒಂಬತ್ತು ಹೆಂಗಸರಿಗೆ ಇದ್ದದ್ದು ಎರಡೇ ಬಾತ್ರೂಮು. ರಗ್ಗು ತೆಳು. ನವೆಂಬರ್ ಕೊನೆಯ ಮಲೆನಾಡಿನ ಚಳಿ ಗೊತ್ತಿರುವವರು ಯಾರಾದರೂ ಅಂಥ ರಗ್ಗು ಕೊಡುತ್ತಾರಾ?

ಒಂದು ಕೋಣೆಗೆ ಮೂವರು. ನನ್ನ ಜೊತೆ ಸಾಗರದ ಕಡೆಯ ಸಮಾಜ ವಿಜ್ಞಾನ ಟೀಚರ್, ಶಿಕಾರಿಪುರ ಕಡೆಯ ಇಂಗ್ಲಿಷ್ ಟೀಚರ್. ವೇಳಾಪಟ್ಟಿಯಲ್ಲಿ ಇಲ್ಲದ ಗೋಷ್ಠಿ ಅಂದರೆ ಇದು, ಮತ್ತು ಇದೇ ಒಳ್ಳೆಯದಿತ್ತು. ಇಂಗ್ಲಿಷ್ ಟೀಚರ್ ಫಲಿತಾಂಶದ ಸುದ್ದಿ ತೆಗೆದರು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಗಾವಲು ಬಂತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ನಮ್ಮ ಶಿವಮೊಗ್ಗ ಜಿಲ್ಲೆ ಮಾತ್ರ ಉಡುಪಿ, ದಕ್ಷಿಣ ಕನ್ನಡದ ಹಿಂದೆ ಮೂರನೇ ಸ್ಥಾನಕ್ಕೆ ಬಂತು. ಖುಷಿ ಪಡಬೇಕಿತ್ತು. "ಮುಂದಿನ ಮೀಟಿಂಗಲ್ಲಿ ಎರಡನೇ ಸ್ಥಾನ ಯಾಕಿಲ್ಲ ಅಂತ ಕೇಳಿದ್ರು ಕಣ್ರೀ" ಅಂದರು. ಮಕ್ಕಳು ತಪ್ಪಿದರೆ ನಮ್ಮ ತಪ್ಪು, ಪಾಸಾದರೆ ಯೋಜನೆಯ ಯಶಸ್ಸು.

ಸಮಾಜದ ಟೀಚರ್ ಬಾಯಲ್ಲಿ ಕಾಯ್ದೆ ಕಂಠಪಾಠ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳಿದರು. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಇವು ಮೂರು ಬಿಟ್ಟು ಶಿಕ್ಷಣಕ್ಕೆ ಸಂಬಂಧ ಇಲ್ಲದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. "ಅದೂ ಎಂಟನೇ ಕ್ಲಾಸಿನವರೆಗಿನ ಕಾಯ್ದೆ. ಒಂಬತ್ತು, ಹತ್ತಕ್ಕೆ ಪಾಠ ಮಾಡೋ ನಮ್ಮನ್ನ ಯಾವ ಕಲಂ ಕಾಯುತ್ತೆ?" ಅಂತ ಅವರೇ ಕೇಳಿದರು. ಉತ್ತರ ಯಾರೂ ಕೊಡಲಿಲ್ಲ. ದೀಪ ಆರಿಸಿದಾಗ ಹತ್ತೂ ಆಗಿರಲಿಲ್ಲ. ಜೀರುಂಡೆ ಸದ್ದು ಕೇಳುತ್ತಿದ್ದುದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಆರೂ ಕಾಲು. ಎಷ್ಟು ತಿಂಗಳ ಮೇಲೆ ಎಂಟು ಗಂಟೆ ಒಟ್ಟಿಗೆ ಮಲಗಿದ್ದೆನೋ.

ಬೆಳಿಗ್ಗೆ ಮಂಜಿನಲ್ಲಿ ನಡೆಸಿಕೊಂಡು ಹೋದರು. ಕುಂದಾದ್ರಿ ಗುಡ್ಡದ ತುದಿ ಮಾತ್ರ ಮಂಜಿನ ಮೇಲೆ ಕಾಣುತ್ತಿತ್ತು. ಮಾರ್ಗದರ್ಶಕರು ಮರ ತಬ್ಬಿಕೊಳ್ಳಿ ಅಂದರು. ಮಲೆನಾಡಿನವರಿಗೆ ಮರ ತಬ್ಬಲು ಹೇಳಿಕೊಡುವುದು! ಒಬ್ಬರೂ ತಬ್ಬಲಿಲ್ಲ. ಪಿಟಿ ಮೇಷ್ಟ್ರು ಒಂದು ಹೊನ್ನೆ ಮರ ನೋಡಿ ಇದರಲ್ಲಿ ಎಷ್ಟು ಅಡಿ ಮರ ಸಿಗಬಹುದು ಅಂತ ಲೆಕ್ಕ ಹಾಕಿದರು.

ತಿಂಡಿ ಆದ ಮೇಲೆ ಬಂದವರು ಆಪ್ತ ಸಮಾಲೋಚಕಿ. ಐವತ್ತರ ಹತ್ತಿರದವರು, ಕಾಟನ್ ಸೀರೆ, ಮೆಲ್ಲಗಿನ ಮಾತು. ನಾನು ಕೊಟ್ಟ ಮೂರು ಅಂಕದಲ್ಲಿ ಒಂದೂವರೆ ಇವರದ್ದೇ. ಮೊದಲು ಒಂದು ಹಾಳೆ ಕೊಟ್ಟರು. 22 ಪ್ರಶ್ನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಆರರವರೆಗೆ ಅಂಕ. 'ಎಂದೂ ಇಲ್ಲ' ಅಂದರೆ ಸೊನ್ನೆ, 'ದಿನಾ' ಅಂದರೆ ಆರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸುಸಾನ್ ಜ್ಯಾಕ್ಸನ್ 1981ರಲ್ಲಿ ಮಾಡಿದ ಬರ್ನ್ಔಟ್ ಅಳತೆಯಂತೆ. ಕನ್ನಡಕ್ಕೆ ಮಾಡಿದ ಭಾಷೆ ಸ್ವಲ್ಪ ಸುತ್ತೋಲೆ ಥರ ಇತ್ತು.

ನಾನು ಬರೆದು, ಕೂಡಿಸಿಯೂ ಬಿಟ್ಟೆ. 132ಕ್ಕೆ 90. ಶೇಕಡಾ 68. "ಫಸ್ಟ್ ಕ್ಲಾಸ್ ಬಂತು ಮೇಡಂ" ಅಂದೆ. ಅವರು ನಕ್ಕರು. "ಇದನ್ನ ಕೂಡಿಸಬಾರದು, ಟೀಚರ್. ಮೂರು ಭಾಗ ಇದೆ, ಬೇರೆ ಬೇರೆ ನೋಡಬೇಕು." ಒಂಬತ್ತು ಪ್ರಶ್ನೆ ದಣಿವಿನದ್ದು. ಐದು ಪ್ರಶ್ನೆ ಎದುರಿಗಿರುವವರನ್ನು ಮನುಷ್ಯರಾಗಿ ನೋಡುವುದು ಕಡಿಮೆಯಾಗಿದೆಯಾ ಅನ್ನುವುದು. ಉಳಿದ ಎಂಟು, ನನ್ನ ಕೆಲಸದಿಂದ ಏನಾದರೂ ಆಗುತ್ತಿದೆ ಅನ್ನುವ ಸಮಾಧಾನ. ಮೊದಲ ಎರಡರಲ್ಲಿ ಅಂಕ ಜಾಸ್ತಿ ಬಂದರೆ ಕೆಟ್ಟದ್ದು, ಮೂರನೆಯದರಲ್ಲಿ ಜಾಸ್ತಿ ಬಂದರೆ ಒಳ್ಳೆಯದು. ಕೂಡಿಸಿದರೆ ಲೆಕ್ಕ ಹಾಳು. ಹತ್ತೊಂಬತ್ತು ವರ್ಷ ಗಣಿತ ಕಲಿಸಿದವಳಿಗೆ ಧನ ಋಣ ನೋಡದೆ ಕೂಡಿಸಿದ್ದಕ್ಕೆ ನಾಚಿಕೆ ಆಯಿತು.

ಬಿಡಿಸಿ ನೋಡಿದರೆ ದಣಿವು 54ಕ್ಕೆ 41. ಎರಡನೆಯದು 30ಕ್ಕೆ 12. ಮೂರನೆಯದು 48ಕ್ಕೆ 37. ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಪಾಠ ಮಾಡೋದು ನಿಮಗೆ ಸಾಕಾಗಿಲ್ಲ, ನೋಡಿ" ಅಂದರು. ನಿಜ. ಬೋರ್ಡಿನ ಮುಂದೆ ನಿಂತಾಗ ನಾನು ಚೆನ್ನಾಗಿಯೇ ಇರುತ್ತೇನೆ. ಒಬ್ಬ ಹುಡುಗಿ ಪೈಥಾಗೊರಸ್ ಪ್ರಮೇಯ ಅರ್ಥವಾಗಿ ಕಣ್ಣು ಅರಳಿಸಿದರೆ ಇವತ್ತಿಗೂ ನನಗೆ ಸಾಕು. ದಣಿವು ಬೇರೆ ಕಡೆಯಿಂದ ಬರುತ್ತಿತ್ತು. ಮತ್ತೆ ಆ 12 ಇದೆಯಲ್ಲ, ಅದರಲ್ಲಿ ಅಪ್ಪ ಇಲ್ಲದ ಆ ಹುಡುಗ ಇದ್ದ.

ಬರ್ನ್ಔಟ್ ರೋಗ ಅಲ್ಲ ಅಂತಲೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದ ಜಾಗಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಹೇಳಿತೇ ಹೊರತು ಕಾಯಿಲೆ ಅಂತ ಕರೆಯಲಿಲ್ಲ. ಇಲ್ಲೇ ನನಗೆ ಶಿಬಿರದ ಮೇಲೆ ಸಿಟ್ಟು ಬಂದದ್ದು. ಕೆಲಸದ ಜಾಗದಿಂದ ಬಂದದ್ದಾದರೆ ನಿನ್ನೆ ಇಡೀ ಸಂಜೆ ನನ್ನ ನಗು, ನನ್ನ ಉಸಿರು, ನನ್ನ ಬಲೂನು ಅಂತ ಯಾಕೆ ಕಳೆದಿರಿ? ಸಮಾಲೋಚಕಿಗೆ ಒಬ್ಬೊಬ್ಬರ ಜೊತೆ ಮಾತಾಡಲು ಕೊಟ್ಟದ್ದು ಹತ್ತೇ ಹತ್ತು ನಿಮಿಷ. ಶನಿವಾರ ಸಂಜೆಯನ್ನೂ ಇವರಿಗೇ ಕೊಟ್ಟಿದ್ದರೆ ನಾನು ಐದಕ್ಕೆ ನಾಲ್ಕೂವರೆ ಹಾಕುತ್ತಿದ್ದೆ.

ಉಸಿರಾಟವನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಅದೂ ಇವರು ಹೇಳಿಕೊಟ್ಟದ್ದೇ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಒಂದಕ್ಕೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು. ಬಿಡುವ ಉಸಿರು ಉದ್ದವಾದರೆ ಎದೆ ಬಡಿತ ನಿಧಾನವಾಗುತ್ತದೆ, ಅಷ್ಟೇ ವಿಷಯ. ಸ್ಟಾಫ್‌ರೂಮಿನಿಂದ ಹತ್ತನೇ ಕ್ಲಾಸಿಗೆ ಹೋಗುವ ಜಗಲಿಯಲ್ಲಿ ನಾನು ಇದನ್ನು ಮೂರು ಸಲ ಮಾಡುತ್ತೇನೆ. ಕೈಯಲ್ಲಿ ಡಸ್ಟರ್ ಇದ್ದರೂ ಮಾಡಬಹುದು.

ನನ್ನ ಹತ್ತು ನಿಮಿಷದಲ್ಲಿ ಆ ಹುಡುಗನ ವಿಷಯ ಹೇಳಿ ಅತ್ತೆ. ಅವರು ಸಮಾಧಾನ ಮಾಡಲು ಅವಸರ ಮಾಡಲಿಲ್ಲ. "ಅವನ ಹತ್ತಿರ ಮಾತಾಡಿದ್ರಾ?" ಅಂತ ಒಂದೇ ಕೇಳಿದರು. ಇಲ್ಲ. ಆಮೇಲೆ ಎರಡು ವಿಷಯ ಬರೆದುಕೊಟ್ಟರು. ಒಂದು, 14416. ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎರಡು, ಮನೋಚೈತನ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ. "ಎರಡು ವಾರ ನಿದ್ದೆ ಸರಿಹೋಗದಿದ್ರೆ, ಊಟ ಸೇರದಿದ್ರೆ, ಬದುಕೇ ಬೇಡ ಅನ್ನಿಸಿದ್ರೆ ಶಿಬಿರಕ್ಕೆ ಬರಬೇಡಿ. ಅಲ್ಲಿಗೆ ಹೋಗಿ" ಅಂದರು. ಶಿಬಿರಕ್ಕೆ ಕರೆಸಿಕೊಂಡವರೇ ಶಿಬಿರಕ್ಕೆ ಬರಬೇಡಿ ಅನ್ನುವುದು ನನಗೆ ಹಿಡಿಸಿತು. ಮೂರೂವರೆ ಸಾವಿರ ಕೊಟ್ಟು ನಾನು ತಂದ ಅತಿ ಬೆಲೆಬಾಳುವ ವಸ್ತು ಒಂದು ಪುಕ್ಕಟೆ ನಂಬರು.

ಮೊಬೈಲು ಕೈಗೆ ಬಂತು. ಸಂಜೆ ವಾಪಸು ಹೋಗುವಾಗ ತೀರ್ಥಹಳ್ಳಿ ಹತ್ತಿರ ಬರುತ್ತಿದ್ದಂತೆ ಸಿಗ್ನಲ್ ಸಿಕ್ಕಿ ಬಸ್ಸಿನಲ್ಲಿ ಅದು ಕುಣಿಯತೊಡಗಿತು. ಹನ್ನೊಂದು ಗ್ರೂಪು, 143 ಮೆಸೇಜು. ಅದರಲ್ಲಿ ಒಂದಕ್ಕೆ 'ಅತಿ ತುರ್ತು' ಅಂತ ಕೆಂಪು ಗುರುತು ಮೂರು. ನಾನು ಕೊಡಬೇಕಿದ್ದ ಮಾಹಿತಿಯನ್ನು ನಮ್ಮ ವಿಜ್ಞಾನ ಮೇಷ್ಟ್ರು ರಾತ್ರಿ ಎಂಟಕ್ಕೇ ಕಳಿಸಿದ್ದರು. ಎರಡೇ ಸಾಲು. ಅಷ್ಟೇ.

ಸಮಾಲೋಚಕಿ ಮನೆಗೆಲಸ ಕೊಟ್ಟಿದ್ದರು. ಒಂದು ವಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಬರೆಯಬೇಕು. ಬರೆದೆ. ಪಾಠ 28 ಪಿರಿಯಡ್, ಒಂದಕ್ಕೆ 40 ನಿಮಿಷ, ಒಟ್ಟು 18 ಗಂಟೆ 40 ನಿಮಿಷ. ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ, ವಿದ್ಯಾರ್ಥಿವೇತನದ ಆಧಾರ್ ತಿದ್ದುಪಡಿ, ಮೊಟ್ಟೆ ಲೆಕ್ಕ, ನಮೂನೆ ತುಂಬುವುದು, ಗ್ರೂಪಿಗೆ ಫೋಟೋ ಹಾಕುವುದು ಎಲ್ಲಾ ಸೇರಿ 16 ಗಂಟೆ. ಉತ್ತರಪತ್ರಿಕೆ ತಿದ್ದಿದ್ದು ಇದರಲ್ಲಿ ಇಲ್ಲ. ಹಾಳೆಯನ್ನು ಎಚ್ಚೆಮ್, ಅಂದರೆ ಮುಖ್ಯ ಶಿಕ್ಷಕರ ಟೇಬಲ್ ಮೇಲೆ ಇಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಓದಿ, "ನಂದು ಇದಕ್ಕಿಂತ ಜಾಸ್ತಿ ಇದೆ ಟೀಚರ್" ಅಂದರು. ಮೊಟ್ಟೆ ಲೆಕ್ಕ ಈಗ ಸರದಿ ಮೇಲೆ. ಬೆಳಗಿನ ವಿಶೇಷ ತರಗತಿ ನಾನೂ ವಿಜ್ಞಾನದವರೂ ದಿನ ಬಿಟ್ಟು ದಿನ. ರಾತ್ರಿ ಏಳರ ಮೇಲೆ ಗ್ರೂಪು ಮ್ಯೂಟು. ಉಳಿದದ್ದು ಹಾಗೇ ಇದೆ.

ಆ ಹುಡುಗನನ್ನು ಮಂಗಳವಾರ ಊಟದ ಹೊತ್ತಿಗೆ ಕರೆದು, ಅವತ್ತು ನಾನು ಮರೆತು ಹಾಗಂದೆ, ತಪ್ಪಾಯ್ತು ಅಂದೆ. ಅವನು ತಲೆ ತಗ್ಗಿಸಿಕೊಂಡು, "ಅಮ್ಮನ ಸಹಿ ಹಾಕ್ಸಿದ್ದೆ ಮೇಡಂ, ನೀವು ಮತ್ತೆ ಕೇಳಲೇ ಇಲ್ಲ" ಅಂದ. ಅಂಕಪಟ್ಟಿ ಇಷ್ಟು ದಿನ ಅವನ ಬ್ಯಾಗಿನಲ್ಲೇ ಇತ್ತು.

14416ಕ್ಕೆ ನಾನೂ ಒಮ್ಮೆ ಮಾಡಿದೆ, ಡಿಸೆಂಬರ್ ಎರಡನೇ ವಾರ. ಅಡಿಕೆ ಚಪ್ಪರದ ಕೆಳಗೆ ಕೂತು ಕನ್ನಡದಲ್ಲೇ ಮಾತಾಡಿದೆ. ಆ ಕಡೆಯವರು ಕೇಳಿಸಿಕೊಂಡರು. ಬಲೂನು ಊದಿ ಅನ್ನಲಿಲ್ಲ.

ಈಗ ನಿಮ್ಮ ಪ್ರಶ್ನೆ, ಹೋಗಬಹುದಾ? ಮನೆಯಲ್ಲಿ ನಿದ್ದೆಗೆ ಬಿಡದಿದ್ದರೆ ಹೋಗಿ. ಅದೇ ಕಷ್ಟದಲ್ಲಿರುವ ಹದಿನೇಳು ಜನ ಸಿಗುತ್ತಾರೆ, ಅದಕ್ಕೆ ಬೆಲೆ ಇದೆ. ಯಾರಾದರೂ ಬಂದು ಶಾಲೆಯ ಕೆಲಸ ಕಡಿಮೆ ಮಾಡಿಕೊಡುತ್ತಾರೆ ಅಂತಿದ್ದರೆ ಬೇಡ. ಶನಿವಾರ ಸಂಜೆ ಆರರ ಮೇಲೆ ತಲುಪಿದರೂ ನಷ್ಟ ಇಲ್ಲ, ಬಲೂನು ತಪ್ಪುತ್ತದೆ. ಸ್ವೆಟರು, ಟಾರ್ಚು ಇರಲಿ. ಆಗುಂಬೆ ಬಸ್ಸಿನಲ್ಲಿ ಇಳಿದ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಆಟೋ ಬೇಕಿದ್ದರೆ ಮೊದಲೇ ಹೇಳಿಡಿ.

ನಮ್ಮ ಎಚ್ಚೆಮ್ ಜನವರಿ ಬ್ಯಾಚಿಗೆ ಹೆಸರು ಕೊಟ್ಟಿದ್ದಾರೆ. ಅಲ್ಲಿನ ರಗ್ಗು ನಂಬಬೇಡಿ ಸಾರ್, ನಮ್ಮನೆ ಕಂಬಳಿ ತಂದುಕೊಡ್ತೀನಿ ಅಂದಿದ್ದೇನೆ.